ಭಟ್ರಿಲ್ಲ, ಊಟ ಇದೆ

ಒಗ್ಗರಣೆಯೇ ನನ್ನ ಜಾಹೀರಾತಾಗಿತ್ತು. ದೊಡ್ಡನೆಕ್ಕುಂದಿಯ ಆ ಗಾಜಿನ ಕಟ್ಟಡದ ಎದುರು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು ವ್ಯಾನ್ ನಿಲ್ಲಿಸುತ್ತಿದ್ದೆವು. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಹಿಂಬಾಗಿಲು ತೆರೆದು, ಕಾದ ಎಣ್ಣೆಗೆ ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕೊನೆಗೆ ಒದ್ದೆ ಕರಿಬೇವು ಹಾಕಿದರೆ ಆ ಘಮ ರಸ್ತೆ ದಾಟಿ, ಗೇಟು ಹಾರಿ ಒಳಗೆ ಹೋಗುತ್ತಿತ್ತು. ನನ್ನನ್ನು ಮಾತ್ರ ಯಾರೂ ಒಳಗೆ ಬಿಡುತ್ತಿರಲಿಲ್ಲ. ಗೇಟಿನ ಸೆಕ್ಯೂರಿಟಿಯವನಿಗೆ ನನ್ನ ಮುಖ ಕಂಡರೆ ಆಗುತ್ತಿರಲಿಲ್ಲ.

"ಏಯ್, ಗಾಡಿ ತೆಗಿ! ಒಳ್ಗಡೆ ಸಾಹೇಬ್ರು ಏನಿದು ಘಾಟು ಅಂತ ಕೇಳ್ತಾವ್ರೆ."

"ಹಸಿವಾಗ್ತಿದೆಯಾ ಅಂತಲೂ ಕೇಳ್ಕೊಂಡು ಬನ್ನಿ."

"ಬಾಯಿ ಬೇರೆ ನಿಂಗೆ. ತೆಗಿಯೋ ಅಂದ್ರೆ!"

ತೆಗೆಯುತ್ತಿದ್ದೆವು. ಮರುದಿನ ಮತ್ತೆ ಅಲ್ಲೇ ನಿಲ್ಲುತ್ತಿದ್ದೆವು.

ಗಾಡಿ ನನ್ನದಲ್ಲ. ಹಲಸೂರಿನ ನನ್ನ ಸ್ನೇಹಿತನದು, ಓಡಿಸುವವನೂ ಅವನೇ. ನಾನು ಅಡುಗೆ ಮಾಡುತ್ತಿದ್ದ ಕಾರ್ಖಾನೆಯ ಕ್ಯಾಂಟೀನನ್ನು ಗುತ್ತಿಗೆಗೆ ಕೊಟ್ಟು ನಮ್ಮನ್ನೆಲ್ಲ ಮನೆಗೆ ಕಳಿಸಿದರು. ಅದೇ ಕಾರ್ಖಾನೆಗೆ ಶಿಫ್ಟಿನವರನ್ನು ಕರೆತರುತ್ತಿದ್ದ ಅವನ ಹಳೆಯ ಮೆಟಡೋರಿಗೂ ಆಗಲೇ ಕೆಲಸ ತಪ್ಪಿತು. ಇಬ್ಬರೂ ಸೇರಿ ಸೀಟು ಕಿತ್ತು, ಒಳಗೆಲ್ಲ ತಗಡು ಬಡಿಸಿ, ಎರಡು ಒಲೆ ಕೂರಿಸಿದೆವು. ಅವನ ಷರತ್ತು ಒಂದೇ.

"ನೋಡು ಗುರು, ಸ್ಕೂಲ್ ಓಪನ್ ಆಗೋ ತನಕ ನಿನ್ ಜೊತೆ ಇರ್ತೀನಿ. ಅಷ್ಟ್ರೊಳಗೆ ದಿನಾ ಊಟ ತಗೊಳ್ಳೋ ಒಂದು ಪಾರ್ಟಿ ಸಿಗ್ಲಿಲ್ಲ ಅಂದ್ರೆ ಸೀಟ್ ವಾಪಸ್ ಹಾಕ್ಸಿ ಮಕ್ಕಳನ್ನ ಹೊಡೀತೀನಿ."

ಶಾಲೆಯ ಟ್ರಿಪ್ಪು ಹೊಡೆಯುತ್ತೇನೆ ಎಂದು ಅವನ ಅರ್ಥ. ಹಾಗೆ ಹೇಳಿದಾಗ ನಕ್ಕಿದ್ದೆ. ಏಪ್ರಿಲ್ ಮುಗಿಯುವ ಹೊತ್ತಿಗೆ ನಗು ನಿಂತಿತ್ತು. ಗಾಡಿ ಹೋದರೆ ನನ್ನ ಕೈಯಲ್ಲಿ ಉಳಿಯುವುದು ಪಾತ್ರೆಗಳು ಮಾತ್ರ. ಪಾತ್ರೆಗಳಿಗೆ ಕಾಲಿಲ್ಲ.

ಅಡುಗೆ ಕೆ.ಆರ್. ಪುರದ ಆಚೆಗಿರುವ ನಮ್ಮೂರಿನಲ್ಲಿ, ನಮ್ಮ ಮನೆಯ ಹಿಂದಿನ ಶೀಟಿನ ಕೆಳಗೆ ಆಗುತ್ತಿತ್ತು. ನಾನು, ನನ್ನ ಹೆಂಡತಿ, ಇಬ್ಬರೇ. ಓಡಾಡುವ ಊಟಕ್ಕೆ ಅದರದೇ ಲೆಕ್ಕಾಚಾರಗಳಿವೆ. ಅನ್ನವನ್ನು ಪೂರ್ತಿ ಬೇಯಿಸಿದರೆ ದಾರಿಯಲ್ಲಿ ಮುದ್ದೆಯಾಗುತ್ತದೆ. ಸ್ವಲ್ಪ ಬಿರುಸು ಇರುವಾಗಲೇ ಬಸಿದು, ಬಟ್ಟೆ ಹಾಸಿದ ಬಿದಿರು ಬುಟ್ಟಿಗೆ ಸುರಿದು ಮುಚ್ಚಬೇಕು, ಉಳಿದದ್ದನ್ನು ಅದರ ಹಬೆಯೇ ಬೇಯಿಸಿಕೊಳ್ಳುತ್ತದೆ. ಮೊಸರನ್ನಕ್ಕೆ ಮೊಸರು ಹಾಕಿ ಹೊರಟರೆ ಬಿಸಿಲಿಗೆ ಹುಳಿ. ಹಾಲು ಹಾಕಿ ಒಂದು ಚಮಚ ಮೊಸರು ಬೆರೆಸಿ ಹೊರಟರೆ ಬಡಿಸುವ ಹೊತ್ತಿಗೆ ಹದವಾಗಿರುತ್ತದೆ. ಮೊದಮೊದಲು ಮಾರತ್ತಹಳ್ಳಿಯ ಗುಂಡಿಗಳಲ್ಲಿ ಅರ್ಧ ಸಾಂಬಾರು ಗಾಡಿಗೇ ಉಣಬಡಿಸಿ ಬರುತ್ತಿದ್ದೆವು. ಆಮೇಲೆ ನನ್ನ ಹೆಂಡತಿ ಸಾಂಬಾರಿನ ಮೇಲೆ ಬಾಳೆಲೆ ತೇಲಿಬಿಟ್ಟು ಮುಚ್ಚಳ ಹಾಕಿದಳು. ತುಳುಕುವುದು ನಿಂತಿತು. ಒಗ್ಗರಣೆಯನ್ನು ಮಾತ್ರ ಗೇಟಿನ ಮುಂದೆಯೇ ಹಾಕುತ್ತಿದ್ದೆ.

ಇಷ್ಟೆಲ್ಲ ಮಾಡಿದರೂ ಸಿಕ್ಕ ಗಿರಾಕಿಗಳೋ! ಗರುಡಾಚಾರ್‌ಪಾಳ್ಯದ ಒಂದು ಯೂನಿಟ್ಟಿನ ಸೂಪರ್‌ವೈಸರ್ ಎಲ್ಲ ಕೆಲಸಗಾರರಿಗೂ ಊಟ ತರಲು ಹೇಳಿ, ಗಾಡಿ ಹೋಗಿ ನಿಂತ ಮೇಲೆ ಹಲ್ಲುಕಡ್ಡಿ ಕಚ್ಚಿಕೊಂಡು ಹೊರಗೆ ಬಂದ. "ಇವತ್ತು ಪವರ್ ಕಟ್ಟು, ಶಿಫ್ಟಿಲ್ಲ. ಹೇಳೋದು ಮರ್ತೆ." ಇಂದಿರಾನಗರದ ಒಂದು ಬಂಗಲೆಯಲ್ಲಿ ಮಗುವಿನ ಹುಟ್ಟುಹಬ್ಬ. ಆ ಮನೆಯಾಕೆ ನಮ್ಮ ಗಾಡಿ ಗೇಟಿನ ಮುಂದೆ ಚೆನ್ನಾಗಿ ಕಾಣುವುದಿಲ್ಲವೆಂದು ಹಿಂದಿನ ಓಣಿಗೆ ಕಳಿಸಿದಳು. ನನ್ನ ಸ್ನೇಹಿತ ಕೈ ತೊಳೆಯಲು ಅಂಗಳದ ನಲ್ಲಿ ತಿರುಗಿಸಿದ್ದಕ್ಕೆ, "ಅದು ಗಾರ್ಡನ್ ಟ್ಯಾಪ್, ಮುಟ್ಟಬೇಡಿ" ಎಂದಳು. ಗಿಡಕ್ಕಿದ್ದ ಮರ್ಯಾದೆ ಅವನಿಗಿರಲಿಲ್ಲ. ಅವನು ಆ ದಿನ ತಮಿಳಿನಲ್ಲಿ ಬೈದ ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಒಳ್ಳೆಯ ಗಿರಾಕಿ ಎಂದರೆ ದೊಡ್ಡ ಮನುಷ್ಯ ಎಂದು ಮೊದಲು ತಿಳಿದಿದ್ದೆ. ಆ ಎರಡು ತಿಂಗಳು ಆ ಭ್ರಮೆ ಬಿಡಿಸಿತು. ನಾಳೆ ಎಷ್ಟು ಜನ ಉಣ್ಣುತ್ತಾರೆ ಎಂದು ಇವತ್ತು ಸಂಜೆ ಫೋನ್ ಮಾಡಿ ಹೇಳುವವನೇ ಒಳ್ಳೆಯ ಗಿರಾಕಿ. ಅಂಥವನೊಬ್ಬ ಸಿಕ್ಕರೆ, ನಾಳೆಗೆ ಎಷ್ಟು ಅಕ್ಕಿ ಹಾಕುವುದೆಂಬ ಚಿಂತೆಯಿಲ್ಲದೆ ಅಡುಗೆಯವನಿಗೆ ರಾತ್ರಿ ನಿದ್ದೆ ಬರುತ್ತದೆ. ನನಗೆ ಬೇಕಾಗಿದ್ದದ್ದು ಅಂಥ ಒಂದು ಫೋನು, ಅಷ್ಟೇ.

ಕೊನೆಗೆ ಫೋನು ಬಂತು. ಆದರೆ ಅದು ಬಂದದ್ದು ನನಗಲ್ಲ.

ವಿಸಿಟಿಂಗ್ ಕಾರ್ಡು ಮುಗಿದಿತ್ತು. ಶಿವಾಜಿನಗರದ ಪ್ರೆಸ್ಸಿನಲ್ಲಿ ಹೊಸದು ಮಾಡಿಸಿಕೊಂಡು ಬಾ ಎಂದು ಸ್ನೇಹಿತನನ್ನು ಕಳಿಸಿದ್ದೆ. ಕ್ಯಾಂಟೀನಿನಲ್ಲಿ ಒಂದು ಪದ್ಧತಿಯಿತ್ತು. ದೊಡ್ಡ ಒಲೆಯ ಮುಂದೆ ಸೌಟು ಹಿಡಿದು ನಿಂತವನು ಯಾರೇ ಆಗಲಿ, ಅವನು ಎಲ್ಲರಿಗೂ 'ಭಟ್ರು'. ಜಾತಿಯಿಂದ ಭಟ್ಟರಾದವರು ಬೇರೆ, ನಮ್ಮದು ಒಲೆಯಿಂದ ಬಂದ ಹೆಸರು. ವರ್ಷಗಟ್ಟಲೆ ನನ್ನನ್ನು ಹಾಗೇ ಕರೆದು ನನ್ನ ಸ್ನೇಹಿತನಿಗೆ ನನ್ನ ನಿಜವಾದ ಹೆಸರು ಮರೆತೇಹೋದಂತಿತ್ತು. ಪ್ರೆಸ್ಸಿನ ಸಾಬರು "ನಾಮ್ ಕ್ಯಾ ಡಾಲ್ನಾ?" ಎಂದಾಗ ಇವನು "ಎಲ್ಲಾ ಭಟ್ರು ಅಂತಾರೆ, ಅದೇ ಹಾಕಿ" ಎಂದಿದ್ದಾನೆ. ಸಾಬರಿಗೆ ಅದು ಅಡ್ಡಹೆಸರು ಎಂದು ಹೇಗೆ ಗೊತ್ತಾಗಬೇಕು? 'ಭಟ್ ಮೊಬೈಲ್ ಕೇಟರಿಂಗ್' ಎಂದು ಇಂಗ್ಲಿಷಿನಲ್ಲಿ ಚೆಂದವಾಗಿ ಹೊಡೆದು, ಪಕ್ಕಕ್ಕೆ ಒಂದು ಬಾಳೆಲೆ, ಕೆಳಗೆ 'ಪ್ಯೂರ್ ವೆಜ್' ಎಂದು ತಾವಾಗಿಯೇ ಸೇರಿಸಿ ಕೊಟ್ಟಿದ್ದರು.

ನೋಡಿ ನನಗೆ ತಲೆ ಕೆಟ್ಟಿತು. ನನ್ನ ಸ್ನೇಹಿತ ಮಾತ್ರ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ.

"ಚೆನ್ನಾಗೇ ಇದ್ಯಲ್ಲ ಗುರು. ವೆಜ್ಜೇ ತಾನೆ ನಾವು ಮಾಡೋದು? ಇನ್ನೊಂದ್ಸಲ ಪ್ರಿಂಟ್ ಹೊಡ್ಸೋದ್ಯಾಕೆ?"

ಅದೇ ಕಾರ್ಡನ್ನು ಅವನೇ ಆ ಗಾಜಿನ ಕಟ್ಟಡದ ಗೇಟಿನಲ್ಲಿ ಕೊಟ್ಟುಬಂದ. ತಿಂಗಳುಗಟ್ಟಲೆ ನನ್ನ ಹೆಸರಿನ ಕಾರ್ಡನ್ನು ಕಾಲ ಕೆಳಗೆ ಹಾಕುತ್ತಿದ್ದ ಸೆಕ್ಯೂರಿಟಿಯವನು ಈ ಕಾರ್ಡನ್ನು ಒಳಗೆ ತಲುಪಿಸಿದ. ಎರಡೇ ದಿನದಲ್ಲಿ ಮನೆಗೆ ಫೋನು.

"ಭಟ್ರಾ ಮಾತಾಡ್ತಿರೋದು?"

"ಹೌದು ಸಾರ್, ಹೇಳಿ." ಕ್ಯಾಂಟೀನಿನಲ್ಲಿ ಹಾಗೆ ಕೂಗಿದರೆ ತಿರುಗುತ್ತಿದ್ದ ತಲೆ, ಹಾಗೇ ತಿರುಗಿತು.

ಆ ಕಂಪನಿಯ ಅಡ್ಮಿನ್ ಸಾಹೇಬರು. ಒಂದು ವಾರ ಟ್ರಯಲ್, ಆಮೇಲೆ ಅಡುಗೆಮನೆಗೆ ಒಂದು ವಿಸಿಟ್, ಎಲ್ಲ ಸರಿಯಿದ್ದರೆ ದಿನವೂ ಊಟ. ಸೋಮವಾರ ಗೇಟು ತಾನಾಗಿ ತೆರೆಯಿತು. ಕಾರ್ಡಿನಲ್ಲಿದ್ದ ಹೆಸರನ್ನೇ ಗೇಟ್ ಪಾಸಿನಲ್ಲಿ ಬರೆದಿದ್ದರು. ಸೆಕ್ಯೂರಿಟಿಯವನು ಎದ್ದು ನಿಂತು, "ಬನ್ನಿ ಭಟ್ರೇ, ನೆಳ್ಳಲ್ಲಿ ನಿಲ್ಸಿ" ಎಂದ. ನಿನ್ನೆಯವರೆಗೆ 'ಏಯ್' ಆಗಿದ್ದವನಿಗೆ ಒಂದು ಬಾಳೆಲೆಯ ಚಿತ್ರದಿಂದ ಬಹುವಚನ ಬಂದಿತ್ತು. ನನಗೆ ಖುಷಿಯಾಗಬೇಕಿತ್ತು. ಮೈ ಉರಿಯಿತು.

ಆ ವಾರ ಪಾತ್ರೆಗಳು ಒರೆಸಿಟ್ಟಂತೆ ಖಾಲಿಯಾದವು. ಹುಡುಗ ಹುಡುಗಿಯರು ಎರಡನೇ ಸಲ ಹುಳಿ ಹಾಕಿಸಿಕೊಳ್ಳಲು ಸಾಲಿನಲ್ಲಿ ನಿಲ್ಲುತ್ತಿದ್ದರು. ಗುರುವಾರ ಸಾಹೇಬರು ತಾವೇ ತಟ್ಟೆ ಹಿಡಿದು ಬಂದು, ಬೆರಳು ಚೀಪುತ್ತಾ ಕೇಳಿದರು.

"ಯಾವ ಕಡೆ ಭಟ್ರು ನೀವು? ಉಡುಪಿನಾ, ಶಿರಸಿನಾ?"

"ಕ್ಯಾಂಟೀನ್ ಕಡೆಯವನು ಸಾರ್."

ಸಾಹೇಬರು ಗಹಗಹಿಸಿ ನಕ್ಕರು. "ಒಳ್ಳೇ ತಮಾಷೆ ಮಾಡ್ತೀರ ಭಟ್ರೇ" ಎಂದು ಇನ್ನೊಂದು ಸೌಟು ಹಾಕಿಸಿಕೊಂಡರು. ನಿಜ ಹೇಳಿದರೆ ತಮಾಷೆಯಾಗುವ ಜಾಗದಲ್ಲಿ ಇನ್ನೇನು ಹೇಳುವುದು?

ಶನಿವಾರ ವಿಸಿಟ್. ಹಿಂದಿನ ದಿನ ನನ್ನ ಸ್ನೇಹಿತ ನಮ್ಮ ಮನೆಯ ನಡುಮನೆಯಲ್ಲಿ ನಿಂತು ಗೋಡೆ ನೋಡಿದ. ಅಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲಿ ನೀಲಿ ಕೋಟಿನವರ ಪಟ. ನಾವು ಬೌದ್ಧರು, ಅಪ್ಪನ ಕಾಲದಲ್ಲಿ ಆದವರು. ಊರಿನವರ ಬಾಯಲ್ಲಿ ನಮ್ಮ ಬೀದಿಗೆ ಹಳೆಯ ಹೆಸರೇ ಇದೆ.

"ಅಕ್ಕಾ, ಒಂದೇ ಒಂದಿನ ಆ ಪಟಾನ ಒಳ್ಗಡೆ ಇಟ್ಬಿಡಿ. ಅವರು ಹೋದ್ಮೇಲೆ ನಾನೇ ಬಂದು ಮೊಳೆ ಹೊಡೀತೀನಿ" ಎಂದ ನನ್ನ ಹೆಂಡತಿಗೆ.

"ಊಟ ಮಾಡೋರು ಅವರು, ಗೋಡೆ ನಮ್ದು" ಎಂದಳು ಅವಳು. ಆಮೇಲೆ ಸ್ಟೂಲು ಹತ್ತಿ ಎರಡೂ ಪಟಗಳ ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು.

ಸಾಹೇಬರು ಬಂದರು. ಕಾರಿನಿಂದ ಇಳಿಯುವಾಗಲೇ ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಅವರೂ ಈ ಕಡೆಯ ಹಳ್ಳಿಯವರೇ. ರಿಂಗ್ ರೋಡಿಗೂ ಲೇಔಟಿಗೂ ಹೊಲ ಕೊಟ್ಟು ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡ ಮನೆತನ. ಅವರೂ ಭಟ್ಟರಲ್ಲ, ಭಾನುವಾರ ಕೋಳಿ ತಿನ್ನುವವರೇ. ಯಾವ ಊರಿನ ಯಾವ ಬೀದಿಯಲ್ಲಿ ಯಾರಿರುತ್ತಾರೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಡುಮನೆಯ ಗೋಡೆ ನೋಡಿದಾಗ ಉಳಿದ ಅನುಮಾನವೂ ಹೋಯಿತು.

"ಕಾರ್ಡಲ್ಲಿ ಭಟ್ ಅಂತಿತ್ತು?"

"ಕ್ಯಾಂಟೀನಲ್ಲಿ ಸೌಟು ಹಿಡಿದೋರನ್ನೆಲ್ಲ ಹಾಗೇ ಕರೀತಾರೆ ಸಾರ್. ಪ್ರೆಸ್ಸಿನೋರು ಅದನ್ನೇ ಹೆಸರು ಮಾಡಿದ್ರು. ಮೊನ್ನೆನೇ ಹೇಳಿದ್ನಲ್ಲ."

"ಓಹೋ."

ಅಡುಗೆಮನೆ ನೋಡಿದರು. ಮುಚ್ಚಳ ಎತ್ತಿದರು, ಅಕ್ಕಿ ಮುಟ್ಟಿದರು, ನೆಲದ ಮೇಲೆ ಬೂಟು ಉಜ್ಜಿದರು. "ನೀಟಾಗಿದೆ, ತುಂಬಾ ನೀಟಾಗಿದೆ" ಎಂದು ಎರಡು ಸಲ ಹೇಳಿದರು. ನನ್ನ ಹೆಂಡತಿ ಟೀ ತಂದಳು.

"ಬೇಡ ಕಣಮ್ಮ, ಈಗ್ತಾನೆ ಕುಡ್ಕೊಂಡ್ ಬಂದೆ."

"ನೀರಾದ್ರೂ ತಗೊಳ್ಳಿ."

"ಕಾರಲ್ಲಿ ಬಾಟ್ಲಿದೆ."

ಐದು ದಿನ ಇದೇ ಒಲೆಯ ಮೇಲೆ ಬೆಂದದ್ದನ್ನು ಚಪ್ಪರಿಸಿ ತಿಂದ ಮನುಷ್ಯ. ಅದೇ ಒಲೆಯ ಟೀ ಅವರ ಗಂಟಲಿಗೆ ಇಳಿಯುವಂತಿರಲಿಲ್ಲ. ಕಾರು ಹೋದ ಮೇಲೆ ನನ್ನ ಹೆಂಡತಿ ಆ ಟೀಯನ್ನು ಚೆಲ್ಲಲಿಲ್ಲ. ಬಾಗಿಲಲ್ಲಿ ನಿಂತು ಪೂರ್ತಿ ಕುಡಿದಳು.

ಬೇಡವೆಂದು ಹೇಳದ್ದರಿಂದ ಸೋಮವಾರವೂ ಒಲೆ ಹಚ್ಚಿದ್ದೆವು. ಬೆಳಗ್ಗೆ, ಅನ್ನ ಬಸಿಯುವ ಹೊತ್ತಿಗೆ ಫೋನು. "ಸಾರಿ, ಸ್ಟಾಫ್‌ಗೆ ಟೇಸ್ಟ್ ಹಿಡಿಸ್ಲಿಲ್ಲ ಅಂತ ಫೀಡ್‌ಬ್ಯಾಕ್ ಬಂದಿದೆ. ಇವತ್ತಿಂದ ಬೇರೆಯೋರು ತರ್ತಾರೆ." ಈ ಸಲ ಭಟ್ರೇ ಎನ್ನಲಿಲ್ಲ.

"ಪಾತ್ರೆ ಎಲ್ಲ ಖಾಲಿಯಾಗ್ತಿತ್ತಲ್ಲ ಸಾರ್? ನೀವೇ ಎರಡು ಸಲ ಹಾಕಿಸ್ಕೊಂಡ್ರಲ್ಲ?"

ಫೋನು ಇಟ್ಟರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎಂಥ ಸಿಟ್ಟು ಎಂದರೆ ಕೈಯಲ್ಲಿದ್ದ ಜಾಲರಿಯನ್ನು ಗೋಡೆಗೆ ಎಸೆದೆ, ಅದು ಇವತ್ತಿಗೂ ಸೊಟ್ಟಗಿದೆ. ನನ್ನ ಸ್ನೇಹಿತ ಬಂದು ವಿಷಯ ಕೇಳಿ ತಲೆ ಚಚ್ಚಿಕೊಂಡ.

"ಎನ್ನಾ ಗುರು ಇದು! ಪಟ ಒಂದಿನ ಇಳಿಸಿದ್ದಿದ್ರೆ ಗಾಡಿ ಉಳೀತಿತ್ತು. ಇನ್ನೇನು ಸ್ಕೂಲ್ ಓಪನ್ ಆಗತ್ತೆ."

"ಇವತ್ತು ಪಟ ಇಳಿಸ್ಬೇಕು. ನಾಳೆ ಜನಿವಾರ ಹಾಕ್ಕೋ ಅಂತೀಯ. ನಾಡಿದ್ದು ಮನೆ ಬದಲಾಯಿಸ್ಬೇಕು. ಯಾರದೋ ಹೆಸರಲ್ಲಿ ಎಷ್ಟು ದಿನ ಸೌಟು ಆಡಿಸ್ಲಿ?"

ಬಸಿದ ಅನ್ನ ಬುಟ್ಟಿಯಲ್ಲಿ ಹಬೆಯಾಡುತ್ತಿತ್ತು. ಎಲ್ಲಿಗಾದರೂ ಅದನ್ನು ಒಯ್ಯಲೇಬೇಕಿತ್ತು. ಎಲ್ಲಿಗೆ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಬಾಗಿಲಿಗೆ ಹಚ್ಚಿ ಉಳಿದ ಕೆಂಪು ಪೇಂಟಿನ ಡಬ್ಬಿ ಶೀಟಿನ ಕೆಳಗೆ ಬಿದ್ದಿತ್ತು. ಬ್ರಷ್ ತೆಗೆದುಕೊಂಡು ಗಾಡಿಯ ಪಕ್ಕಕ್ಕೆ ಹೋಗಿ, ಮೊಳದುದ್ದದ ಅಕ್ಷರಗಳಲ್ಲಿ 'ಭಟ್ರಿಲ್ಲ' ಎಂದು ಬರೆದೆ.

ನನ್ನ ಸ್ನೇಹಿತ ಹಿಂದೆ ಸರಿದು ಓದಿದ. "ಲೇಯ್, ಗಾಡಿ ನಂದು!" ಎಂದ. ಮತ್ತೆ ಓದಿದ. "ಭಟ್ರಿಲ್ಲ ಅಂದ್ರೆ ಜನ ಏನಂದ್ಕೋತಾರೆ? ಭಟ್ರು ರಜಾ, ಇವತ್ತು ಊಟ ಇಲ್ಲ ಅಂತ ವಾಪಸ್ ಹೋಗ್ತಾರೆ."

ಮಾತು ಸರಿಯಾಗಿತ್ತು. ನನ್ನ ಹೆಂಡತಿ ಬಾಗಿಲಿನಿಂದಲೇ, "ಪಕ್ಕದಲ್ಲಿ ಊಟ ಇದೆ ಅಂತ ಸೇರ್ಸಿ" ಎಂದಳು. ನಾನು ಬ್ರಷ್ ಅದ್ದುವಷ್ಟರಲ್ಲಿ ಸ್ನೇಹಿತ ಅದನ್ನು ಕಿತ್ತುಕೊಂಡ. ಇಂದಿರಾನಗರದ ಗಾರ್ಡನ್ ಟ್ಯಾಪ್ ನೆನಪಾಯಿತೋ ಏನೋ. ಅವನಿಗೆ ಕನ್ನಡ ಬರೆಯಲು ಸರಿಯಾಗಿ ಬರುತ್ತಿರಲಿಲ್ಲ, 'ಊಟ ಇದೆ' ಎಂಬುದು ಅವನ ಕೈಯಲ್ಲಿ ಸ್ವಲ್ಪ ಮೇಲಕ್ಕೆ ಏರಿತು. ಬಣ್ಣ ಒಣಗುವ ಮುಂಚೆಯೇ ಗಾಡಿ ಹೊರಟಿತು.

ಅದೇ ಗೇಟಿನ ಎದುರು ನಿಲ್ಲಿಸಿ ಒಗ್ಗರಣೆ ಹಾಕಿದೆ. ಇಂಗು ಯಾವತ್ತಿಗಿಂತ ಹೆಚ್ಚೇ ಬಿತ್ತು. ಸೆಕ್ಯೂರಿಟಿಯವನು ಓಡಿಬಂದವನು ಗಾಡಿಯ ಮೇಲಿನ ಬರಹ ಓದಿ ನಿಂತುಬಿಟ್ಟ. "ಹಂಗಾರೆ ನೀನು ಭಟ್ರಲ್ವಾ?" ಎಂದ.

"ಅಲ್ಲ. ಗಾಡಿ ತೆಗೀಬೇಕಾ?"

"ರಸ್ತೆ ಸರ್ಕಾರದ್ದು, ನಿಂತ್ಕೋ. ಗೇಟಿಗೆ ಅಡ್ಡ ಬರ್ಬೇಡ." ಬಹುವಚನ ಹೋಗಿತ್ತು. ನನಗೆ ಹಾಯೆನಿಸಿತು.

ಮೊದಲ ದಿನ ನಾಲ್ಕೈದು ಜನ ಹೊರಗೆ ಬಂದರು. ಒಳಗಿನ ಹೊಸ ಊಟದಲ್ಲಿ ಸಾಂಬಾರಿಗೆ ಸೋಡಾ ವಾಸನೆ ಎಂದು ಒಬ್ಬ ಹುಡುಗಿ ಮುಖ ಸೊಟ್ಟ ಮಾಡಿದಳು. ಬರಹ ಓದಿ ಕೆಲವರು ನಕ್ಕರು. ಇಬ್ಬರು ಓದಿ, ಅರ್ಥ ಮಾಡಿಕೊಂಡು, ತಿರುಗಿ ಹೋದರು. ಅವರು ಹೋಗಲಿ ಎಂದೇ ಬರೆದದ್ದು. ಒಬ್ಬ ಹುಡುಗ ಮಾತ್ರ ತಟ್ಟೆ ಹಿಡಿದು ಗಾಡಿಗೆ ಒರಗಿ, "ಸಾರ್, ಟೇಸ್ಟ್ ಹಿಡಿಸ್ಲಿಲ್ಲ ಅಂತ ನಾವ್ಯಾರೂ ಹೇಳಿಲ್ಲ" ಎಂದ. ನಾನು ಅವನ ತಟ್ಟೆಗೆ ಇನ್ನಷ್ಟು ಪಲ್ಯ ಹಾಕಿದೆ.

ಮೇ ಕೊನೆಯ ವಾರದ ಹೊತ್ತಿಗೆ ಸಾಲು ರಸ್ತೆಯವರೆಗೆ ಬಂದಿತ್ತು. ಒಳಗಿನ ಪಾತ್ರೆಗಳು ತುಂಬಿದ ಹಾಗೇ ವಾಪಸಾಗುತ್ತಿವೆ ಎಂದು ಸೆಕ್ಯೂರಿಟಿಯವನೇ ಹೇಳಿದ. ಆ ಶುಕ್ರವಾರ ಸಾಹೇಬರು ಟೈಯನ್ನು ಅಂಗಿಯ ಜೇಬಿಗೆ ತುರುಕಿಕೊಂಡು ರಸ್ತೆ ದಾಟಿ ಬಂದರು. ನನ್ನ ಮುಖ ನೋಡಲಿಲ್ಲ, ಗಾಡಿ ನೋಡಿದರು.

"ಒಳಗೇ ತನ್ನಿ ಊಟ. ವರ್ಷದ ಕಾಂಟ್ರ್ಯಾಕ್ಟ್ ಮಾಡ್ಕೊಳ್ಳೋಣ. ಈ ಬೋರ್ಡ್ ಒಂದು ಅಳಿಸಿಬಿಡಿ. ಕ್ಲೈಂಟ್ಸ್ ಬರ್ತಾರೆ, ಸುಮ್ನೆ ಇಶ್ಯೂ ಯಾಕೆ?"

ನನ್ನ ಸ್ನೇಹಿತ ಸ್ಟಿಯರಿಂಗ್ ಹಿಡಿದು ನನ್ನನ್ನೇ ನೋಡುತ್ತಿದ್ದ. ಶಾಲೆ ತೆರೆಯಲು ಇನ್ನು ವಾರವೂ ಇರಲಿಲ್ಲ. ವರ್ಷದ ಊಟ ಎದುರಿಗೆ ನಿಂತಿತ್ತು. ನಾಲಿಗೆಯ ತುದಿಗೆ 'ಆಗಲಿ' ಬಂದಿತ್ತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಟೀ ಕುಡಿದ ನನ್ನ ಹೆಂಡತಿ ಕಣ್ಣ ಮುಂದೆ ಬಂದಳು.

"ಬೋರ್ಡಿನ ಜೊತೆಗೆ ಬರೋದಾದ್ರೆ ಬರ್ತೀನಿ ಸಾರ್."

"ಯೋಚನೆ ಮಾಡಿ. ಇಂಥ ಆಫರ್ ಮತ್ತೆ ಸಿಗಲ್ಲ."

"ನೀವು ಯೋಚನೆ ಮಾಡಿ. ಇಂಥ ಹುಳಿ ಮತ್ತೆ ಸಿಗಲ್ಲ."

ಸಾಹೇಬರು ಕೆಂಪಗಾಗಿ ಹೋದರು. ನನ್ನ ಸ್ನೇಹಿತ ನಮ್ಮ ಮನೆಯ ಮುಂದೆ ಇಳಿಸುವಾಗ, "ಸೀಟ್‌ನೋನಿಗೆ ಸೋಮವಾರ ಬರೋಕೆ ಹೇಳಿದೀನಿ" ಎಂದ. ನಾನು ತಲೆಯಾಡಿಸಿದೆ. ಅವನ ತಪ್ಪೇನೂ ಇರಲಿಲ್ಲ.

ಭಾನುವಾರ ಸಂಜೆ ಫೋನು ಹೊಡೆದುಕೊಂಡಿತು. ಆ ಕಡೆ ಸೆಕ್ಯೂರಿಟಿಯವನು.

"ಓ ಗಾಡಿ. ಇಲ್ಲಿ ಹುಡುಗ್ರು ಶುಕ್ರವಾರ ಸಂಜೆನೇ ಅವರವರೇ ಸೇರ್ಕೊಂಡು ಲೆಕ್ಕ ಮಾಡವ್ರೆ. ಇನ್ಮೇಲೆ ದಿನಾ ಸಂಜೆ ನಿಂಗೆ ಹೇಳ್ಬೇಕಂತೆ. ನಂಗ್ಯಾಕೆ ಈ ಕರ್ಮ! ನಾಳೆಗೆ ಅರವತ್ತು, ನಂದೂ ಸೇರಿ. ಬರ್ಕೊಂಡ್ಯಾ?"

"ಹೂಂ" ಎಂದೆ.

"ಮೇಲೆ ಒಂದು ಕ್ಯಾರಿಯರ್. ಗೇಟಲ್ಲಿ ನಂಗೆ ಕೊಟ್ಬಿಡು."

"ಯಾರಿಗೆ?"

"ಹೆಸ್ರು ಹೇಳ್ಬೇಡ ಅಂದವ್ರೆ." ದನಿ ತಗ್ಗಿಸಿ, "ಬಾಗ್ಲಾಕ್ಕೊಂಡು ಕ್ಯಾಬಿನ್ನಲ್ಲಿ ತಿಂತಾರಂತೆ" ಎಂದು ಫೋನಿಟ್ಟ.

ಮೊದಲು ಸ್ನೇಹಿತನಿಗೆ ಫೋನ್ ಮಾಡಿದೆ. ಅವನು ಅರವತ್ತು ಎಂಬುದನ್ನು ಎರಡು ಸಲ ಹೇಳಿಸಿಕೊಂಡು, ಸೀಟಿನವನಿಗೆ ಬೇಡವೆನ್ನಲು ಹೊರಟ. ಆಮೇಲೆ ಹೆಂಡತಿಗೆ ಕ್ಯಾರಿಯರಿನ ವಿಷಯ ಹೇಳಿದೆ. ಕೊಡುವುದಿಲ್ಲ, ಬೇಕಿದ್ದರೆ ಸಾಲಿನಲ್ಲಿ ನಿಂತು ತಿನ್ನಲಿ ಎಂದು ನಾನು ಕೂಗಾಡುತ್ತಿದ್ದೆ.

"ಯಾಕೆ, ಕಳಿಸಿ. ಆದ್ರೆ ನಮ್ಮ ಹೆಸರಿಲ್ದೆ ಕಳಿಸ್ಬೇಡಿ" ಎಂದಳು. ಕಪಾಟಿನಿಂದ ಸ್ಟೀಲ್ ಕ್ಯಾರಿಯರ್ ತೆಗೆದು ನನ್ನ ಮುಂದಿಟ್ಟಳು, ಜೊತೆಗೆ ಪೇಂಟಿನ ಡಬ್ಬಿ. ಮುಚ್ಚಳದ ಮೇಲೆ ಕೆಂಪಗೆ, ಸಣ್ಣದಾಗಿ, ಗಾಡಿಯ ಮೇಲಿದ್ದ ಮಾತನ್ನೇ ಬರೆದೆ.

ಮಾರನೇ ದಿನ ಮಧ್ಯಾಹ್ನ ಸೆಕ್ಯೂರಿಟಿಯವನು ಕ್ಯಾರಿಯರ್ ವಾಪಸ್ ತಂದುಕೊಟ್ಟ. ಒಳಗೆ ಒಂದು ಅಗುಳೂ ಇರಲಿಲ್ಲ. ಮುಚ್ಚಳದ ಮೇಲಿನ ಅಕ್ಷರಗಳನ್ನು ಯಾರೋ ಬೀಗದ ಕೈಯಿಂದಲೋ ಏನೋ ಪೂರ್ತಿ ಕೆರೆದು ಹಾಕಿದ್ದರು.

ಸಂಜೆ ಫೋನು ಬಂತು. ಅರವತ್ತನಾಲ್ಕು, ಮೇಲೆ ಒಂದು ಕ್ಯಾರಿಯರ್. ನಾನು ಮುಚ್ಚಳ ಒರೆಸಿಕೊಂಡು ಮತ್ತೆ ಬರೆಯಲು ಕುಳಿತೆ. ಡಬ್ಬಿಯಲ್ಲಿ ಪೇಂಟು ಇನ್ನೂ ಅರ್ಧ ಇತ್ತು.